ಗಿಳಿ ಚಿತ್ರದ ಬೆಡ್‌ಶೀಟ್

ಬಂದ್ಯೋಡಿನ ಅಂಗಡಿಯಿಂದ ಹರಿಣಾಕ್ಷಿ ತಂದ ಮೂರು ನೈಟಿಗಳನ್ನೂ ಅತ್ತೆ ಅಮ್ಮಣ್ಣಿ ಮಲಗಿದಲ್ಲಿಂದಲೇ ಬೇಡವೆಂದರು. ಒಂದು ಜಾರುತ್ತದೆ, ಇನ್ನೊಂದರಲ್ಲಿ ಸೆಕೆ. ಮೂರನೆಯದರ ದೊಡ್ಡ ಹೂಗಳನ್ನು ನೋಡಿ ಮುಖವನ್ನೇ ತಿರುಗಿಸಿದರು.

"ಇದು ಎಂತ ಬಟ್ಟೆ ಮಾರಾಯ್ತಿ, ಸೋಫಾಕ್ಕೆ ಹಾಕುವುದಾ?"

"ಒಮ್ಮೆ ಹಾಕಿ ನೋಡಿ ಮಾಮಿ. ಹಾಕದೆ ಹೇಗೆ ಗೊತ್ತಾಗುವುದು?"

"ನನ್ನ ಸೀರೆ ಕೊಡು. ಅದು ಸಾಕು ನನಗೆ."

ಸೀರೆ ಕೊಡುವ ಹಾಗಿರಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದ ಅಮ್ಮಣ್ಣಿಯ ಸೊಂಟದ ಮೂಳೆ ಮುರಿದಿತ್ತು. ಮಂಗಳೂರಿನಲ್ಲಿ ಆಪರೇಶನ್ ಆಗಿ ಮನೆಗೆ ಹೊರಡುವಾಗ ಡಾಕ್ಟರು ಒಂದೇ ಮಾತನ್ನು ಎರಡೆರಡು ಸಲ ಹೇಳಿದ್ದರು: ಬೇಗ ಎಬ್ಬಿಸಿ ನಡೆಸಬೇಕು, ಈ ವಯಸ್ಸಿನಲ್ಲಿ ಮಲಗಿಯೇ ಉಳಿದರೆ ಮತ್ತೆ ಏಳುವುದಿಲ್ಲ. ವಾಕರ್ ಹಿಡಿದು ನಡೆಯುವಾಗ ಸೀರೆಯ ನೆರಿಗೆ ಕಾಲಿಗೆ ಸಿಕ್ಕಿದರೆ ಇನ್ನೊಮ್ಮೆ ಬೀಳುವುದೇ. ಹಾಗಾಗಿ ಅಮ್ಮಣ್ಣಿ ಆಸ್ಪತ್ರೆಯಿಂದ ಬಂದ ಹಸಿರು ಅಂಗಿಯಲ್ಲೇ ಇದ್ದರು. ಅದರ ಮೇಲೆ ಕುತ್ತಿಗೆಯವರೆಗೂ ಹೊದಿಕೆ. ಬೆವರು ಸುರಿಯುತ್ತಿದ್ದರೂ ಹೊದಿಕೆ ಸರಿಸಲು ಬಿಡುತ್ತಿರಲಿಲ್ಲ.

"ಅಮ್ಮನಿಗೆ ಹಠ," ಎಂದ ಜನಾರ್ದನ, ಊಟಕ್ಕೆ ಅಂಗಡಿಯಿಂದ ಬಂದವನು. ಪೈಂಟು, ಪೈಪುಗಳ ವ್ಯಾಪಾರ ಅವನದು. "ನೀನು ಸ್ವಲ್ಪ ಜೋರು ಮಾಡಿ ಹೇಳು."

"ನಿಮ್ಮ ಅಮ್ಮ. ನೀವೇ ಜೋರು ಮಾಡಿ," ಎಂದಳು ಹರಿಣಾಕ್ಷಿ. ಅವನು ಪಲ್ಯ ಕೇಳಿದ.

ಈ ಕಡೆಯ ಹೆಂಗಸರೆಲ್ಲರ ಹಾಗೆ ಹರಿಣಾಕ್ಷಿ ಮನೆಯಲ್ಲಿ ನೈಟಿಯಲ್ಲೇ ಇರುವವಳು. ಗೇಟಿನ ಸದ್ದಾದರೆ ಹಗ್ಗದ ಮೇಲಿನ ಬೈರಾಸು ಎಳೆದು ಹೆಗಲಿಗೆ ಹಾಕಿಕೊಂಡರೆ ಆಯಿತು. ಮದುವೆಯಾಗಿ ಬಂದ ಹೊಸದರಲ್ಲಿ ಆ ಟವೆಲಿನ ಪಾಠ ಹೇಳಿಕೊಟ್ಟವರು ಅತ್ತೆಯೇ. ಸೊಸೆ ನೈಟಿ ಹಾಕುವುದನ್ನು ಅವರು ಒಪ್ಪಿಕೊಂಡಿದ್ದರು. ಆದರೆ ತಾವು ಮಾತ್ರ ಜ್ವರದಲ್ಲಿ ಮಲಗಿದಾಗಲೂ ಸೀರೆ ಬಿಟ್ಟವರಲ್ಲ.

ಅಂಗಡಿಯ ಬಟ್ಟೆ ಬೇಡವಾದರೆ ಮನೆಯ ಬಟ್ಟೆಯಾದರೂ ಆದೀತು ಎಂದು ಹರಿಣಾಕ್ಷಿ ಕಪಾಟು ತೆರೆದಳು. ನೆಂಟರು ಬಂದಾಗ ಹಾಸುತ್ತಿದ್ದ ದೊಡ್ಡ ಬೆಡ್‌ಶೀಟ್ ಕೈಗೆ ಬಂತು. ಬಿಳಿ ಹತ್ತಿಬಟ್ಟೆಯ ಮೇಲೆ ಪುಟ್ಟ ನೀಲಿ ಗಿಳಿಗಳು, ಎರಡು ಬದಿಗೂ ನೀಲಿ ಅಂಚು. ಒಗೆದು ಒಗೆದು ಮೆತ್ತಗಾಗಿತ್ತು. ಬೆಳಕಿಗೆ ಹಿಡಿದು ನೋಡಿದರೆ ನಡುಭಾಗ ಸವೆದು ಜಾಳಾಗಿದೆ. ಜನ ಮಲಗುವುದು ನಡುವಿನಲ್ಲಿ ತಾನೆ. ಹಾಸಿಗೆಯ ಅಡಿಗೆ ಮಡಚಿಕೊಂಡಿದ್ದ ಎರಡು ಬದಿಗಳು ಮಾತ್ರ ಇನ್ನೂ ಗಟ್ಟಿಯಾಗಿದ್ದವು. ಅದರಲ್ಲಿ ಒಂದು ಬದಿ ನೈಟಿ ಹೊಲಿಯಲು ಸಾಕು.

ಅಳತೆ ತೆಗೆಯಲು ಟೇಪು ಹಿಡಿದು ಮಂಚದ ಬದಿಗೆ ಕೂತಳು. ಅತ್ತೆಯ ಸಾರಿಗೆ ಎಷ್ಟು ಹುಳಿ ಬೇಕು, ಯಾವ ನೆಂಟರ ಹೆಸರೆತ್ತಿದರೆ ಸಿಟ್ಟು ಬರುತ್ತದೆ ಎಂಬುದೆಲ್ಲ ಅವಳಿಗೆ ಗೊತ್ತು. ಭುಜದ ಅಗಲ ಗೊತ್ತಿರಲಿಲ್ಲ. ಬೆನ್ನಿನ ಕೆಳಗೆ ಕೈ ತೂರಿಸಿ ಟೇಪು ಎಳೆಯುವಾಗ ಅಮ್ಮಣ್ಣಿ ಕಣ್ಣು ಮುಚ್ಚಿಕೊಂಡರು. ಎಷ್ಟು ಸಣ್ಣ ಭುಜ. ಈ ಭುಜಕ್ಕೆ ತಾನು ಒಂದು ಕಾಲದಲ್ಲಿ ಹೆದರುತ್ತಿದ್ದೆನಲ್ಲ ಎಂದು ಹರಿಣಾಕ್ಷಿಗೆ ಆಶ್ಚರ್ಯವಾಯಿತು.

"ಎಷ್ಟು ಬಂತು?"

"ನನ್ನದಕ್ಕಿಂತ ಕಡಿಮೆ ಮಾಮಿ."

"ನಿನ್ನದರ ಲೆಕ್ಕ ಹಿಡಿದರೆ ಊರಿಗೆಲ್ಲ ಆಗುವಷ್ಟು ಬಟ್ಟೆ ಬೇಕು," ಎಂದರು ಅಮ್ಮಣ್ಣಿ, ಕಣ್ಣು ತೆರೆಯದೆ.

ಮರುದಿನ ಮಧ್ಯಾಹ್ನದೊಳಗೆ ನೈಟಿ ಸಿದ್ಧವಾಯಿತು. ಮಲಗಿದಲ್ಲೇ ಹಾಕಲು ಬರುವಂತೆ ಮುಂದೆ ಪೂರ್ತಿ ತೆರೆದು ಟಿಚ್ ಬಟನ್ ಇಟ್ಟಿದ್ದಳು. ತೊಡಿಸಿ, ಬದಿಗೆ ಹೊರಳಿಸಿ, ಬೆನ್ನಿನ ಬಟ್ಟೆ ನೇರ ಮಾಡುವಾಗ ಅವಳ ಕೈ ನಿಂತಿತು.

"ಎಂತಾಯಿತು?"

"ಬೆನ್ನಿನಲ್ಲಿ ಗಿಳಿಗಳೆಲ್ಲ ತಲೆಕೆಳಗಾಗಿವೆ ಮಾಮಿ."

ಬಟ್ಟೆ ಉಳಿಸುವ ಆಸೆಗೆ ಭುಜದಲ್ಲಿ ಹೊಲಿಗೆಯಿಲ್ಲದೆ, ಮುಂದಿನಿಂದ ಹಿಂದಕ್ಕೆ ಒಂದೇ ತುಂಡಾಗಿ ಮಡಚಿ ಕತ್ತರಿಸಿದ್ದಳು. ಮುಂಭಾಗದಲ್ಲಿ ನೆಟ್ಟಗೆ ನಿಂತ ಚಿತ್ರ ಹಿಂದಕ್ಕೆ ಹೋಗುವಾಗ ಮಗುಚುತ್ತದೆ ಎಂಬುದು ಹೊಳೆದಿರಲಿಲ್ಲ. ಅಮ್ಮಣ್ಣಿಯ ಹೊಟ್ಟೆ ಸಣ್ಣಗೆ ಕುಲುಕಿತು. ಬಿದ್ದ ಮೇಲೆ ನಕ್ಕದ್ದು ಅದೇ ಮೊದಲು.

"ಮುಂದೆ ಗಿಳಿ, ಹಿಂದೆ ಬಾವಲಿ. ಇರಲಿ ಬಿಡು. ಬಟ್ಟೆ ಮೆತ್ತಗೆ ಉಂಟು."

ಒಪ್ಪಿಕೊಂಡರಲ್ಲ ಎಂಬ ಸಮಾಧಾನದಲ್ಲಿ ಹರಿಣಾಕ್ಷಿ ಹೊದಿಕೆ ಮಡಚಿಟ್ಟಳು. ಸಂಜೆ ನಡಿಗೆ ಕಲಿಸಲು ಫಿಸಿಯೋಥೆರಪಿಯ ವಿಷ್ಣುಪ್ರಸಾದ ಬಂದ. ಇಪ್ಪತ್ತೈದರ ಆಸುಪಾಸಿನ ಹುಡುಗ. ಮಂಚದ ಅಂಚಿಗೆ ಕೂರಿಸಿ ವಾಕರನ್ನು ಮುಂದಿಟ್ಟ.

"ಅಜ್ಜಿ, ಎರಡೂ ಕೈ ಇದರ ಮೇಲೆ. ಹೂಂ, ಏಳಿ."

ಅಮ್ಮಣ್ಣಿಯ ಎಡಗೈ ವಾಕರಿನ ಮೇಲೆ ಕೂತಿತು. ಬಲಗೈ ಎದ್ದು ಎದೆಗೆ ಹೋಗಿ ನೈಟಿಯ ಕುತ್ತಿಗೆಯನ್ನು ಮುಷ್ಟಿಯಲ್ಲಿ ಹಿಡಿಯಿತು.

"ಬಲಗೈ ಅಜ್ಜಿ."

ಕೈ ವಾಕರಿಗೆ ಬಂತು. ದೇಹ ಮಂಚದಿಂದ ಸ್ವಲ್ಪ ಏಳುತ್ತಿದ್ದಂತೆ ಮತ್ತೆ ಎದೆಗೆ ಹೋಯಿತು. ವಾಲಿದ ಅಮ್ಮಣ್ಣಿಯನ್ನು ವಿಷ್ಣುಪ್ರಸಾದ ಹಿಡಿದು ಕೂರಿಸಿದ.

"ನಾನು ಬೇಕಾದರೆ ಆಚೆ ನೋಡುತ್ತೇನೆ ಅಜ್ಜಿ."

"ಆಚೆ ನೋಡಿದರೆ ನಾನು ಬಿದ್ದದ್ದು ನಿನಗೆ ಯಾರು ಹೇಳುವುದು?"

ಹರಿಣಾಕ್ಷಿ ಒಳಗಿಂದ ಬೈರಾಸು ತಂದು ಹೊದೆಸಿದಳು. ಅದು ಏಳುವ ರಭಸಕ್ಕೆ ಜಾರಿ ನೆಲಕ್ಕೆ ಬಿತ್ತು. ಅದನ್ನು ಹಿಡಿಯಲು ಎರಡೂ ಕೈ ಹೋದವು. ವಿಷ್ಣುಪ್ರಸಾದ ಹೊರಗೆ ಬಂದು ಚಪ್ಪಲಿ ಹಾಕುತ್ತ ತಗ್ಗಿದ ದನಿಯಲ್ಲಿ ಹೇಳಿದ:

"ಒಂದು ಕೈಯಲ್ಲಿ ನಡೆಸುವ ಧೈರ್ಯ ನನಗಿಲ್ಲ ಅಕ್ಕ. ಕಾಲು ಈಗಲೇ ಬಿಗಿಯುತ್ತಾ ಉಂಟು. ಇನ್ನು ತಡವಾದರೆ ಮಂಚವೇ ಗತಿ. ಹೇಗಾದರೂ ಹೇಳಿ ಒಪ್ಪಿಸಿ."

ಅವನು ಹೋದ ಮೇಲೆ ಹರಿಣಾಕ್ಷಿ ಕಾಲಿಗೆ ಎಣ್ಣೆ ಹಚ್ಚುತ್ತಿದ್ದಾಗ, ಅಮ್ಮಣ್ಣಿ ಫ್ಯಾನಿನ ಕಡೆ ನೋಡುತ್ತಲೇ ಹೇಳಿದರು:

"ಅವನು ಹೇಳಿದ್ದು ನನಗೂ ಕೇಳಿತು. ನಿನ್ನ ಗಂಡ ಹಠ ಅನ್ನುತ್ತಾನೆ. ಹಠ ಅಲ್ಲ ಮಗಾ. ನನಗೂ ನಡೆಯಬೇಕು. ಕಕ್ಕಸಿಗೆ ನಾನೇ ಹೋಗಬೇಕು. ಕೈಗೆ ಇರು, ಇರು ಅಂತಲೇ ಹೇಳುತ್ತೇನೆ. ಅದು ಕೇಳುವುದಿಲ್ಲ."

ಎಣ್ಣೆ ಹಚ್ಚುತ್ತಿದ್ದ ಹರಿಣಾಕ್ಷಿಯ ಕೈ ನಿಧಾನವಾಯಿತು. ಆ ಬಲಗೈಯನ್ನು ಅವಳು ಎಷ್ಟು ವರ್ಷ ನೋಡಿದ್ದಾಳೆ. ಬಾವಿಯಿಂದ ಕೊಡ ಎತ್ತಿ ಇಟ್ಟ ಕೂಡಲೇ, ಬಸ್ಸಿನ ಕಂಬಿ ಬಿಟ್ಟ ಕೂಡಲೇ, ಮೊಗ್ರಾಲಿನ ಮದುವೆಮನೆಯಲ್ಲಿ ನಗು ತಡೆಯಲಾಗದೆ ಬಗ್ಗಿದಾಗ, ಮಾವನ ಹೆಣದ ಮುಂದೆ ಅಳುವಾಗಲೂ, ಅದು ಹೋಗಿ ಸೆರಗನ್ನು ಮುಟ್ಟಿ, ಎಳೆದು ಸರಿಮಾಡಿ ಹಿಂತಿರುಗುತ್ತಿತ್ತು. ಯಾರು ನೋಡುತ್ತಾರೆ ಎಂದಲ್ಲ. ಯಾರೂ ಇಲ್ಲದ ಅಡುಗೆಮನೆಯಲ್ಲೂ ಹಾಗೆಯೇ. ಹುಡುಗಿಯಾಗಿದ್ದಾಗ ಯಾರೋ ಕಲಿಸಿದ್ದು, ಆಮೇಲೆ ಯಾರೂ ಹೇಳದೆ ನಡೆದುಕೊಂಡು ಬಂದದ್ದು. ಈಗ ಆ ಕೈ ಹೋಗಿ ನೋಡುತ್ತದೆ, ಅಲ್ಲಿ ಸೆರಗಿಲ್ಲ. ಸಿಕ್ಕದ್ದನ್ನು ಹಿಡಿದುಕೊಂಡು ಅಲ್ಲೇ ನಿಲ್ಲುತ್ತದೆ. ಅದನ್ನು ಬೈದು ಏನು ಬಂತು?

ಎಣ್ಣೆ ಕೈ ಸೀಗೆಪುಡಿಯಲ್ಲಿ ತೊಳೆದು ಅವಳು ಬೆಡ್‌ಶೀಟಿನ ಉಳಿದ ಬದಿಯನ್ನು ಮಂಚದ ಮೇಲೆ ಹರಡಿದಳು.

"ಮಾಮಿ, ನೈಟಿಗೇ ಸೆರಗು ಹೊಲಿದರೆ?"

"ನೈಟಿಗೆ ಸೆರಗಾ?"

"ಇಲ್ಲಿ ಬಲಗಡೆ ಸೊಂಟಕ್ಕೆ ಬಟನ್. ಎದೆಯ ಮೇಲಿಂದ ಬಂದು ಎಡ ಹೆಗಲಿಗೆ ಹೊಲಿಗೆ. ಜಾರುವುದಿಲ್ಲ."

ಅಮ್ಮಣ್ಣಿ ನಗುತ್ತಾರೆ ಎಂದುಕೊಂಡಿದ್ದಳು. ಅವರು ಬಟ್ಟೆಯ ತುದಿ ಹಿಡಿದು ತಮ್ಮ ಎದೆಯ ಮೇಲೆ ಎಳೆದುಕೊಂಡರು.

"ಹೆಗಲ ತುದಿಗೆ ಬೇಡ. ನಾನು ಯಾವಾಗ ಹಾಗೆ ಹಾಕಿದ್ದು? ಕುತ್ತಿಗೆಯ ಹತ್ತಿರ ಬರಲಿ. ಮತ್ತೆ ನೆರಿಗೆ ಹಿಡಿ, ಸುಮ್ಮನೆ ಬಟ್ಟೆ ಅಂಟಿಸಬೇಡ."

"ನೆರಿಗೆ ಅಗಲ ಎಷ್ಟು?"

"ಎರಡು ಬೆರಳು. ಹಿಂದೆ ಸೊಂಟದವರೆಗೆ ಸಾಕು. ಉದ್ದ ಬಿಟ್ಟರೆ ಕೂತಾಗ ಅಡಿಗೆ ಸಿಕ್ಕುತ್ತದೆ. ಅಂಚು ಕೆಳಗೆ ಬರಲಿ, ಕಾಣುವ ಹಾಗೆ."

ಹರಿಣಾಕ್ಷಿ ಹೊಲಿಗೆ ಮೆಷಿನನ್ನು ಅತ್ತೆಯ ಕೋಣೆಗೇ ಎಳೆದು ತಂದಳು. ನೆರಿಗೆ ಹಿಡಿದು ಪಿನ್ನು ಚುಚ್ಚಿ ತೋರಿಸಿದರೆ ಅಮ್ಮಣ್ಣಿ ಅಲ್ಲ ಎನ್ನುವರು. ಬಿಚ್ಚಿ ಮತ್ತೆ ಹಿಡಿದರೆ, ಇದು ಯಾರ ಸೆರಗು, ನಿನ್ನ ಅಮ್ಮನದಾ ಎಂದು ಕೇಳುವರು. ಕೊನೆಗೆ ಕೈಯಿಂದ ಕಸಿದುಕೊಂಡು ಮಲಗಿದಲ್ಲೇ ಬಟ್ಟೆಯನ್ನು ಎದೆಯ ಮೇಲಿಟ್ಟು ತಾವೇ ನೆರಿಗೆ ಹಿಡಿದುಕೊಟ್ಟರು. ಹರಿಣಾಕ್ಷಿ ಅದರ ಮೇಲೆ ಹೊಲಿಗೆ ಓಡಿಸಿದಳು. ತನ್ನ ಮದುವೆಯ ದಿನ ಸೀರೆ ಉಡಿಸಿದ್ದೂ ಇದೇ ಬೆರಳುಗಳು, ಆ ದಿನ ಅತ್ತೆಯ ಮುಖ ನೋಡುವ ಧೈರ್ಯ ತನಗಿರಲಿಲ್ಲ ಎಂದು ನೆನಪಾಯಿತು.

ವಿಷ್ಣುಪ್ರಸಾದ ಮತ್ತೆ ಬಂದಾಗ ಅಮ್ಮಣ್ಣಿ ಮಂಚದ ಅಂಚಿನಲ್ಲಿ ಕೂತಿದ್ದರು. ಅವನು ಒಮ್ಮೆ ನೋಡಿ, ಇದು ಸೀರೆಯೋ ನೈಟಿಯೋ ತಿಳಿಯದೆ ಹರಿಣಾಕ್ಷಿಯ ಮುಖ ನೋಡಿದ.

"ನೋಡುವುದು ಆಮೇಲೆ. ವಾಕರ್ ಕೊಡು," ಎಂದರು ಅಮ್ಮಣ್ಣಿ.

ಎರಡೂ ಕೈಗಳು ಹಿಡಿಯ ಮೇಲೆ ಕೂತವು. ಏಳುವಾಗ ಬಲಗೈ ಬಿಟ್ಟಿತು. ಕೈ ಎದೆಗೆ ಹೋಯಿತು, ಸೆರಗಿನ ನೆರಿಗೆಯನ್ನು ಮುಟ್ಟಿತು, ಒಮ್ಮೆ ಮೆಲ್ಲಗೆ ಎಳೆದು ನೋಡಿತು. ಅದು ಅಲ್ಲೇ ಇತ್ತು. ಕೈ ಹಿಂತಿರುಗಿ ವಾಕರನ್ನು ಹಿಡಿಯಿತು. ಅಮ್ಮಣ್ಣಿ ನಿಂತರು.

"ಎಡಗಾಲು ಅಜ್ಜಿ. ಈಗ ಬಲ."

ಕೋಣೆಯ ಬಾಗಿಲಿನವರೆಗೆ ಸಾಕು ಎಂದು ವಿಷ್ಣುಪ್ರಸಾದ ಹೇಳಿದ್ದ. ಬಾಗಿಲಲ್ಲಿ ಅಮ್ಮಣ್ಣಿ ನಿಂತು ಉಸಿರು ತೆಗೆದುಕೊಂಡರು. ಹಣೆಯಲ್ಲಿ ಬೆವರಿತ್ತು, ಕಾಲು ನಡುಗುತ್ತಿತ್ತು. ಆದರೆ ತಿರುಗಲಿಲ್ಲ. ವಾಕರನ್ನು ಮನೆಯ ಮುಂದಿನ ಚಾವಡಿಯ ಕಡೆಗೆ ಎತ್ತಿ ಇಟ್ಟರು.

"ಮಾಮಿ, ಇವತ್ತಿಗೆ ಸಾಕು. ಹೊರಗೆ ರಸ್ತೆಯಲ್ಲಿ ಜನ ಉಂಟು."

"ಇದ್ದರೆ ಇರಲಿ. ನನಗೆ ಗೋಡೆ ನೋಡಿ ನೋಡಿ ಬೇಜಾರು ಬಂದಿದೆ."

ಹುಡುಗ ಒಂದು ಬದಿಗೆ, ಹರಿಣಾಕ್ಷಿ ಇನ್ನೊಂದು ಬದಿಗೆ. ಇಬ್ಬರೂ ಮುಟ್ಟದೆ, ಮುಟ್ಟುವಷ್ಟು ಹತ್ತಿರ ಕೈ ಚಾಚಿಕೊಂಡು ನಡೆದರು. ಅಮ್ಮಣ್ಣಿ ಚಾವಡಿಯ ಬೆಳಕಿಗೆ ಬಂದು ನಿಂತ ಹೊತ್ತಿಗೆ ಸರಿಯಾಗಿ ಜನಾರ್ದನ ಗೇಟು ತೆರೆದ. ಕೈಯಲ್ಲಿ ಹಾಲಿನ ಪ್ಯಾಕೆಟ್ ಹಿಡಿದವನು ಅಂಗಳದ ನಡುವೆ ಹಾಗೇ ನಿಂತುಬಿಟ್ಟ.

"ನಿಂತು ನೋಡುವುದು ಎಂತ ಜನಾರ್ದನ," ಎಂದರು ಅಮ್ಮಣ್ಣಿ. "ಕಾಲು ಸೋಲುತ್ತಾ ಉಂಟು. ಕುರ್ಚಿ ತಾ. ಒಳಗೆ ಅಲ್ಲ, ಇಲ್ಲಿಗೆ."