ಒಲ್ಲೆನೆಂದವನ ಪ್ರಸಂಗ

ನೊನಿಟೊ ಇನ್ನೂ ಹಾಲು ಕುಡಿಯುವ ಕೂಸಾಗಿದ್ದಾಗ ಒಮ್ಮೆ ಜ್ವರ ನೆತ್ತಿಗೇರಿ ಕಣ್ಣು ಮೇಲೆ ಮಾಡಿದ್ದ. ಇಗರ್ಜಿಯಲ್ಲಿ ಭಾನುವಾರದ ಆರಾಧನೆ ನಡೆದಿತ್ತು. ತಾಯಿ ಫೆಲಿಸಾ ಅವನನ್ನು ಎತ್ತಿಕೊಂಡು ಸೀದಾ ಮುಂದೆ ಹೋಗಿ ನಿಂತು, ಇಡೀ ಸಭೆ ಕೇಳುವಂತೆ, "ಪ್ರಭುವೇ, ಇವನನ್ನ ಉಳಿಸಿಕೊಡು. ಉಳಿದ್ರೆ ಇವನು ನನ್ನವನಲ್ಲ, ನಿನ್ನವನು. ಪಾಸ್ಟರ್ ಮಾಡಿ ನಿನ್ನ ಸೇವೆಗೇ ಕೊಡ್ತೀನಿ," ಎಂದಳು. ಜ್ವರ ಇಳಿಯಿತು. ಮಾತು ಮಾತ್ರ ಹುಡುಗನ ಹೆಗಲೇರಿ ಕೂತಿತು.

ಕಡಲ ದಡದ ಆ ಊರಿನಲ್ಲಿ ಅವನನ್ನು ಹೆಸರು ಹಿಡಿದು ಕರೆದವರೇ ಕಡಿಮೆ. ಮೀನು ಮಾರುವ ಪುರಿಂಗಕ್ಕನಿಗೆ ಅವನು ಅಂಬೆಗಾಲಿಡುವಾಗಲೇ 'ಚಿಕ್ಕ ಪಾಸ್ಟರ್'. ಬೇರೆ ಹುಡುಗರು ಮಾವಿನಕಾಯಿ ಕದ್ದರೆ ಬೆನ್ನಿಗೆ ಪೆಟ್ಟು ಬೀಳುತ್ತಿತ್ತು. ಇವನು ಕದ್ದರೆ ಊರಿಗೆ ಊರೇ ನೊಂದುಕೊಳ್ಳುತ್ತಿತ್ತು. ಪೆಟ್ಟೇ ಎಷ್ಟೋ ವಾಸಿ ಅನ್ನಿಸುತ್ತಿತ್ತು ಅವನಿಗೆ.

ಪಟ್ಟಣದ ಕ್ರೈಸ್ತ ಕಾಲೇಜಿನಲ್ಲಿ ದೇವಶಾಸ್ತ್ರದ ಪದವಿಗೆ ಸೇರಿಸಿದರು. ಫೀಸಿನ ಬದಲು ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ದುಡಿಯುವ ವಿದ್ಯಾರ್ಥಿಗಳಲ್ಲಿ ಅವನೂ ಒಬ್ಬನಾದ. ಗ್ರೀಕ್ ಪಾಠದಲ್ಲಿ ತೂಕಡಿಸುವವನು ದೊಡ್ಡ ಹಂಡೆಯ ಮೀನುಸಾರಿಗೆ ಹುಣಸೆಹುಳಿ ಬಿಡುವಾಗ ಮೈಯೆಲ್ಲ ಎಚ್ಚರವಾಗಿ ನಿಲ್ಲುತ್ತಿದ್ದ. ಅಲ್ಲಿಯ ಹಿರಿಯ ಅಡುಗೆಯವ ಬಾಲ್ಡೊಮೆರೊ ಕೆಲಸ ಬಿಟ್ಟು ಹಡಗೊಂದರ ಅಡುಗೆಮನೆ ಸೇರಿದ್ದ. ನೊನಿಟೊನ ಓದಿನ ಕೊನೆಯ ಬೇಸಿಗೆಯಲ್ಲಿ ಅವನಿಂದ ಫೋನು ಬಂತು.

"ನನ್ನ ಕೈಕೆಳಗೆ ಒಂದು ಜಾಗ ಖಾಲಿ ಇದೆ ಕಣೋ. ಶನಿವಾರ ಹಡಗು ಹೊರಡುತ್ತೆ. ಬರೋದಾದ್ರೆ ಬಾ. ಬೈಬಲ್ ತರಬೇಡ, ಚಾಕು ತಾ."

ಆದರೆ ಅಷ್ಟರಲ್ಲಿ ನೊನಿಟೊ ಒಂದು ಸಹಿ ಹಾಕಿಯಾಗಿತ್ತು. ಬೇಸಿಗೆಯಲ್ಲಿ ಆ ಕಾಲೇಜು ತಾನಾಗಿ ಯಾವ ಪಾಠವನ್ನೂ ನಡೆಸುವುದಿಲ್ಲ. ಹತ್ತು ಮಂದಿ ಸಹಿ ಹಾಕಿ ಕೇಳಬೇಕು. ಅವರಲ್ಲಿ ಒಬ್ಬ ಕೈಬಿಟ್ಟರೂ ತರಗತಿ ಮುಚ್ಚುತ್ತದೆ. ಪ್ರಸಂಗ, ಅಂದರೆ ಪೀಠದಿಂದ ಉಪದೇಶ, ಮಾಡಲು ಕಲಿಸುವ ಪಾಠವೊಂದು ಮುಗಿದರೆ ಸಹಪಾಠಿ ರೋಲ್ಡನ್‌ಗೆ ಗುಡ್ಡದ ಮೇಲಿನ ಸಭೆಯೊಂದರಲ್ಲಿ ಪಾಸ್ಟರ್ ಕೆಲಸ ಕಾದಿತ್ತು. ಹೆಂಡತಿ ತುಂಬು ಬಸುರಿ. ಒಂಬತ್ತು ಸಹಿ ಹಿಡಿದು ಅವನು ಅಡುಗೆಮನೆಯ ಬಾಗಿಲಿಗೇ ಬಂದಿದ್ದ.

"ನೊನಿ, ನೀನೊಬ್ಬ ಸಹಿ ಹಾಕಿದ್ರೆ ನನ್ನ ಮಗು ಪಾಸ್ಟರ್ ಮನೇಲಿ ಹುಟ್ಟುತ್ತೆ. ಇಲ್ಲಾಂದ್ರೆ ಮಾವನ ಮನೇಲಿ. ನಮ್ಮ ಮಾವನ್ನ ನೋಡಿದೀಯಲ್ಲ?"

ಮುಖಕ್ಕೆ ಮುಖ ಕೊಟ್ಟು ಇಲ್ಲ ಅನ್ನುವ ಪದ್ಧತಿ ಅವರಲ್ಲಿಲ್ಲ. ನೊನಿಟೊ ಕೈ ಒರೆಸಿಕೊಂಡು ಸಹಿ ಹಾಕಿದ್ದ.

ಫೋನು ಬಂದ ಮೇಲೆ ಅವನು ಪಾಠದ ಮೇಡಂ ಕಬಾಹುಗ್ ಅವರ ಮುಂದೆ ಹೋಗಿ ನಿಂತ.

"ಬಿಡೋದಾದ್ರೆ ಬಿಡಪ್ಪ," ಎಂದರು ಆಕೆ. "ತರಗತಿ ಮುಚ್ಚುತ್ತೆ, ಅಷ್ಟೇ. ರೋಲ್ಡನ್ ಹೆಂಡತಿಗೆ ನೀನೇ ಹೋಗಿ ಹೇಳು."

"ಫೇಲ್ ಆದ್ರೆ, ಮೇಡಂ?"

"ಫೇಲಾದ್ರೆ ಯಾಕೆ ಮುಚ್ಚುತ್ತೆ? ಫೇಲಾದವನೊಬ್ಬನೇ ಮನೆಗೆ ಹೋಗ್ತಾನೆ."

ಆ ಕ್ಷಣವೇ ಅವನಿಗೆ ದಾರಿ ಕಂಡಿತು. ಗುರುವಾರ ಅವನ ಪ್ರಸಂಗದ ಸರದಿ. ಪೀಠ ಹತ್ತಿ ಇದ್ದದ್ದನ್ನು ಇದ್ದಂತೆ ಹೇಳಿಬಿಡುವುದು. ದೈವದ ಕರೆಯೇ ಇಲ್ಲ ಅನ್ನುವವನನ್ನು ಯಾವ ಮೇಡಂ ಪಾಸು ಮಾಡಿಯಾರು? ರೋಲ್ಡನ್ ಗುಡ್ಡ ಹತ್ತಲಿ, ತಾನು ಹಡಗು ಹತ್ತುವುದು.

ಗುರುವಾರ ಕಾಲೇಜಿನ ಪ್ರಾರ್ಥನಾಲಯ ಕಾದ ಕಾವಲಿಯಂತಿತ್ತು. ಸಹಪಾಠಿಗಳು ಹಾಡಿನ ಪುಸ್ತಕಗಳನ್ನೇ ಬೀಸಣಿಗೆ ಮಾಡಿಕೊಂಡು ಕೂತಿದ್ದರು. ನೊನಿಟೊ ಪೀಠ ಹತ್ತುವಷ್ಟರಲ್ಲಿ ಹೊರಗೆ ಊರಿನ ಬಾಡಿಗೆ ಗಾಡಿ, ಜೀಪ್ನಿಯೊಂದು ಕೆಮ್ಮಿ ನಿಂತಿತು. ಫೆಲಿಸಾ ಮುಂದೆ, ಹಿಂದೆ ಪುರಿಂಗಕ್ಕ, ಅವಳ ಹಿಂದೆ ಊರ ಸಭೆಯ ಹೆಂಗಸರೆಲ್ಲ. ತೆಂಗಿನಗರಿಯ ಬುಟ್ಟಿಗಳಲ್ಲಿ ಅನ್ನ, ಸುಟ್ಟ ಮೀನು.

"ನಮ್ಮ ಪಾಸ್ಟರ್ ಮೊದಲ ಪ್ರಸಂಗ, ನಾವು ಬರದೆ ಇರ್ತೀವಾ?" ಎನ್ನುತ್ತ ಪುರಿಂಗಕ್ಕ ಮುಂದಿನ ಬೆಂಚನ್ನೇ ಹಿಡಿದಳು.

ಇವತ್ತು ಹೇಳದಿದ್ದರೆ ಇನ್ನು ಯಾವತ್ತೂ ಹೇಳಲಾರೆ ಅನ್ನಿಸಿತು ನೊನಿಟೊನಿಗೆ.

"ನನಗೆ ಪಾಸ್ಟರ್ ಆಗೋಕೆ ಇಷ್ಟ ಇಲ್ಲ," ಎಂದ.

ಪುರಿಂಗಕ್ಕ ಕಣ್ಣು ಮುಚ್ಚಿ, "ಆಮೆನ್!" ಎಂದಳು.

"ಅಕ್ಕಾ, ನಿಜವಾಗ್ಲೂ ಹೇಳ್ತಿದೀನಿ. ದೇವರು ನನ್ನನ್ನ ಕರೆದೇ ಇಲ್ಲ. ನಾನು ಹಡಗು ಹತ್ತಿ ಓಡಿಹೋಗಬೇಕು ಅಂತಿದೀನಿ."

"ದೇವರ ಕರೆ ತಪ್ಪಿಸ್ಕೊಂಡು ಓಡಿದ ಯೋನನೂ ಹಡಗೇ ಹತ್ತಿದ್ದ!" ಹಿಂದಿನ ಸಾಲಿನಿಂದ ಯಾರೋ ಕೂಗಿದರು. "ಆಮೆನ್! ಆಮೆನ್!"

ಅವನು ದನಿಯೇರಿಸಿದ. ಈ ಪೀಠ ಕಂಡರೆ ಉಸಿರು ಕಟ್ಟುತ್ತದೆ ಎಂದ. ಹೆಂಗಸರು ಕಣ್ಣೊರೆಸಿಕೊಂಡರು. ಇದು ಪ್ರಸಂಗವೇ ಅಲ್ಲ ಎಂದ. ದೇವರು ಕರೆದಾಗ ಮೋಶೆಯೂ ಮೊದಲು ಒಲ್ಲೆ ಎಂದಿದ್ದನಲ್ಲ ಎಂದು ರೋಲ್ಡನ್ ಗದ್ಗದಿತನಾದ. ಆಡಿದ ಮಾತೆಲ್ಲ ಬಲೆಯ ಇನ್ನೊಂದು ಗಂಟಾಗಿ ಅವನನ್ನೇ ಸುತ್ತಿಕೊಂಡಿತು. ಫೆಲಿಸಾ ಒಬ್ಬಳು ತುಟಿ ಬಿಚ್ಚಲಿಲ್ಲ. ಅವನ ಮುಖವನ್ನೇ ನೋಡುತ್ತಿದ್ದಳು. ಅವನು ಸೋತು ಮಾತು ನಿಲ್ಲಿಸಿದಾಗ, ಎಲ್ಲರ ಗದ್ದಲ ಅಡಗಿದ ಮೇಲೆ, ಸಣ್ಣ ದನಿಯಲ್ಲಿ "ಆಮೆನ್" ಎಂದಳು.

ಕಬಾಹುಗ್ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. "ಇಷ್ಟು ವರ್ಷದಲ್ಲಿ ಇಂಥದ್ದು ಕೇಳಿರಲಿಲ್ಲ ಕಣಪ್ಪ. ಎಲ್ಲರಿಗಿಂತ ಮೇಲಿನ ಅಂಕ ನಿನಗೇ."

"ಮೇಡಂ, ನಾನು ಹೇಳಿದ್ದೆಲ್ಲ ನಿಜ."

"ಅದಕ್ಕೇ ಎದೆಗೆ ತಟ್ಟಿದ್ದು."

ಹೊರಗೆ ಬಾದಾಮಿ ಮರದ ನೆರಳಲ್ಲಿ ಹೆಂಗಸರು ಬುಟ್ಟಿ ಬಿಚ್ಚುತ್ತಿದ್ದರು. ನೊನಿಟೊ ತಾಯಿಯ ಪಕ್ಕ ಕುಕ್ಕರಿಸಿದ.

"ಅಮ್ಮಾ, ಅವರ ಮಾತು ಬಿಡು. ನಿನಗೆ ಅರ್ಥ ಆಯ್ತಲ್ಲ?"

"ಆಯ್ತು," ಎಂದಳು ಫೆಲಿಸಾ, ಮೀನಿನ ಮುಳ್ಳು ಬಿಡಿಸುತ್ತ.

"ಮತ್ತೆ?"

"ನೀನು ಬದುಕಿ ಕೂತಿದೀಯಲ್ಲೋ ನನ್ನೆದುರಿಗೆ. ಕೇಳಿದ್ದನ್ನ ಅವನು ಕೊಟ್ಟಾಯ್ತು. ಈಗ ಮಾತು ವಾಪಸ್ ಕೊಡು ಅಂತ ಯಾವ ಮುಖ ಹೊತ್ಕೊಂಡು ಹೋಗ್ಲಿ?" ಮುಳ್ಳು ಬಿಡಿಸಿದ ತುಂಡನ್ನು ಅವನ ಅನ್ನದ ಮೇಲಿಟ್ಟಳು. "ತಿನ್ನು. ಎಲ್ಲರೂ ನೋಡ್ತಿದಾರೆ."

ಅವನು ತಿಂದ. ಉಪ್ಪು ಕಡಿಮೆಯಾಗಿತ್ತು, ಹೇಳಲಿಲ್ಲ.

ಶನಿವಾರ ಹಡಗು ಅವನಿಲ್ಲದೆ ಹೊರಟಿತು. ಬೇಸಿಗೆಯ ತರಗತಿ ಮುಗಿದು ಹತ್ತು ಮಂದಿಯೂ ಪಾಸಾದರು. ಮಳೆಗಾಲ ಹಿಡಿಯುವ ಹೊತ್ತಿಗೆ ನೊನಿಟೊ ತನ್ನೂರಿನ ಸಭೆಗೇ ಪಾಸ್ಟರ್ ಆಗಿ ಬಂದ. ಫೆಲಿಸಾ ದೇವರಿಗೆ ಕೊಟ್ಟ ಮಾತನ್ನು ಉಳಿಸಿಕೊಂಡಳು.