ಬಾಗಿಲ ಪಕ್ಕದ ಬೆಂಚು

ಒದ್ದೆ ಬಟ್ಟೆ ಸರಿಸಿ ಅವಳು ಹಿಟ್ಟಿಗೆ ಒಂದು ಗುದ್ದು ಗುದ್ದಿದಳು. ಪಾತ್ರೆಯ ಅಂಚು ದಾಟಿ ಉಬ್ಬಿದ್ದ ಹಿಟ್ಟು ಉಸ್ಸೆಂದು ಇಳಿಯಿತು. ನಿನ್ನೆ ಸಂಜೆ ಇದನ್ನು ನಾದಿ ಮುಚ್ಚಿಟ್ಟ ಗಂಡ, ಕೈ ತೊಳೆಯಲು ಹೋದವನು, ನಲ್ಲಿಯ ಹತ್ತಿರವೇ ಕುಸಿದುಬಿದ್ದಿದ್ದ. ಈಗ ಅವನು ಮುಂದಿನ ಕೋಣೆಯಲ್ಲಿ, ಪೆಟ್ಟಿಗೆಯೊಳಗೆ. ಹಿಟ್ಟಿಗೇನು ಗೊತ್ತು ಪಾಪ? ಅದು ತನ್ನ ಪಾಡಿಗೆ ತಾನು ಉಬ್ಬಿತ್ತು.

"ಅಲ್ವೇ, ಗಂಡನ ಹೆಣ ಮುಂದಿಟ್ಕೊಂಡು ಒಲೆ ಹಚ್ಚಿದ್ದೀಯಲ್ಲೇ! ನೋಡಿದವರು ಏನಂದಾರು?"

ಬಾಗಿಲಲ್ಲಿ ಅತ್ತಿಗೆ, ಗಂಡನ ಅಕ್ಕ. ಮೊದಲ ಬಸ್ಸಿಗೆ ಬಂದಿಳಿದವಳು ಆಗಲೇ ಪೊರಕೆ ಹಿಡಿದಿದ್ದಳು. ಮದುವೆ ಮನೆಯಾಗಲಿ ಸಾವಿನ ಮನೆಯಾಗಲಿ, ಧೂಳು ಕಂಡರೆ ಆಕೆಯ ಕೈ ಸುಮ್ಮನಿರುವುದಿಲ್ಲ.

"ಭಾನುವಾರ ಅಲ್ವಾ ಅತ್ತಿಗೆ, ಚರ್ಚಿನ ಮೇಜಿಗೆ ರೊಟ್ಟಿ ಬೇಕು. ಇಷ್ಟು ವರ್ಷದಲ್ಲಿ ಒಂದು ವಾರಾನೂ ತಪ್ಪಿಸಿದವರಲ್ಲ ಅವರು."

"ಮಾಡಿದ್ದು ಅವನು, ತಿಂದಿದ್ದು ಊರವರು!" ಅತ್ತಿಗೆ ಮೂಗು ಒರೆಸಿಕೊಂಡಳು. "ಒಂದೇ ಒಂದು ದಿನ ಮುಂದೆ ಹೋಗಿ ಒಂದು ಚೂರು ಬಾಯಿಗಿಟ್ನಾ? ಸೊಕ್ಕು, ಬರೀ ಸೊಕ್ಕು. ಈಗ ನೋಡು, ಪೆಟ್ಟಿಗೆ ಎಲ್ಲಿಡ್ತಾರೆ ಅಂತ."

ಅವಳ ಕೈ ಹಿಟ್ಟಿನಲ್ಲೇ ನಿಂತಿತು. ಅವಳಿಗೆ ಗಂಟಲಲ್ಲಿ ಸಿಕ್ಕಿದ ಮುಳ್ಳು ಅದೇ. ಆ ಚರ್ಚಿನಲ್ಲಿ ಹಿಂದಿನವರು ಮಾಡಿಟ್ಟುಹೋದ ಒಂದು ರೂಢಿಯಿತ್ತು. ಭಾನುವಾರದ ಆರಾಧನೆಯಲ್ಲಿ ಮೇಜಿಗೆ ಬಂದು ದೇವರ ರೊಟ್ಟಿ ತೆಗೆದುಕೊಳ್ಳುತ್ತಿದ್ದವರ ಪೆಟ್ಟಿಗೆಯನ್ನು ಕೊನೆಯ ದಿನ ಮೇಜಿನ ಮುಂದೆ ಇಡುತ್ತಿದ್ದರು. ಬಾರದವರದು ಬಾಗಿಲ ಹತ್ತಿರವೇ. ಬಾಗಿಲ ಹತ್ತಿರ ಇಟ್ಟರೆ ಇಡಲಿ ಎಂದು ಸುಮ್ಮನಿರಬಹುದಿತ್ತು. ಆದರೆ ಅಲ್ಲಿಂದ ಅವನು ಹೋಗುವುದಾದರೂ ಎಲ್ಲಿಗೆ? ನಾಳೆ ಸತ್ತ ಮೇಲೆ ತಾನು ಒಂದು ಕಡೆ, ಅವನೊಂದು ಕಡೆ ಆಗಿಬಿಟ್ಟರೆ? ಇದನ್ನು ಯಾರನ್ನು ಕೇಳುವುದು?

*

ಬನ್ನು, ರೊಟ್ಟಿ ಸುಟ್ಟು ಮಾರುತ್ತಿದ್ದ ಅವನು ಬೀದಿಗೆಲ್ಲ ಬನ್ನಣ್ಣ. ಮುಂಗೋಪಿ. ಇಸ್ಪೀಟಿನಲ್ಲಿ ಕಳ್ಳಾಟ ಆಡಿ ಸಿಕ್ಕಿಬೀಳುತ್ತಿದ್ದ. ಗೊರಕೆ ಹೊಡೆದರೆ ಪಕ್ಕದ ಮನೆಯ ನಾಯಿ ಬೊಗಳುತ್ತಿತ್ತು. ಕೈಗುಣ ಮಾತ್ರ ಹೇಳಬೇಕು, ಅವನು ಮುಟ್ಟಿದ ಹಿಟ್ಟು ಹುಸಿಹೋದದ್ದೇ ಇಲ್ಲ. "ನಂದೇನಿದೆ ಅದರಲ್ಲಿ? ನಾದಿ ಮುಚ್ಚಿಡೋದು ನಾವು. ಉಬ್ಬೋದು ಅದಕ್ಕೆ ಬಿಟ್ಟಿದ್ದು," ಎನ್ನುತ್ತಿದ್ದ.

ಇಂಥ ಗಂಡಸು ಚರ್ಚಿನೊಳಗೆ ಕಾಲಿಟ್ಟರೆ ಬಾಗಿಲ ಪಕ್ಕದ ಬೆಂಚಿನಲ್ಲಿ ಮುದುಡಿ ಕೂರುತ್ತಿದ್ದ. ರೊಟ್ಟಿಗೆ ಎಲ್ಲರೂ ಏಳುವಾಗ, "ನೀನು ಹೋಗು, ಚೀಲ ನಾನು ನೋಡ್ಕೋತೀನಿ," ಎನ್ನುತ್ತಿದ್ದ. ಅವಳು ತಿಂದು ಮರಳಿದಾಗ ಅವಳ ಬಾಯಿಯನ್ನೇ ನೋಡಿ ಕೇಳುತ್ತಿದ್ದ, "ಉಪ್ಪು ಸರಿ ಇತ್ತೇನೇ?"

ಪ್ರತಿ ವಾರ ಅದೇ ಪ್ರಶ್ನೆ. ಒಂದು ದಿನ ಅವಳಿಗೆ ರೇಗಿತು. "ನೀವೇ ಬಂದು ತಿಂದು ನೋಡ್ರಿ! ನಾನೇನು ನಿಮ್ಮ ನಾಲಿಗೆನಾ?"

ಅವನು ಒಲೆಯ ಬಾಗಿಲು ಮುಚ್ಚಿ, ಮೈದಾ ಮೂಟೆಯ ಮೇಲೆ ಕೂತು ಹೇಳಿದ. "ಅದು ದೇವರು ಆರಿಸ್ಕೊಂಡವರಿಗೆ ಕಣೇ." ಅಪ್ಪ ಸತ್ತ ವರ್ಷ ಮನೆಯಲ್ಲಿ ಒಲೆ ಉರಿಯುತ್ತಿರಲಿಲ್ಲವಂತೆ. ಹಸಿವು ತಡೆಯಲಾರದೆ ಚರ್ಚಿನ ಒಳಕೋಣೆಗೆ ನುಗ್ಗಿ ಮೇಜಿಗೆಂದು ಎತ್ತಿಟ್ಟಿದ್ದ ರೊಟ್ಟಿಯನ್ನು ತಿಂದುಬಿಟ್ಟನಂತೆ. ಬಾಯಿ ತುಂಬಿರುವಾಗಲೇ ಚರ್ಚಿನ ಕಾವಲುಗಾರ ಹಿಡಿದ.

"'ದೇವರು ಆರಿಸಿಕೊಂಡ ಮಗು ಆಗಿದ್ರೆ ನಿನ್ನ ಕೈ ಇದಕ್ಕೆ ಹೋಗ್ತಿತ್ತಾ? ಈ ಮೇಜಲ್ಲಿ ನಿನಗೆ ಪಾಲಿಲ್ಲ, ನಡಿ ಆಚೆಗೆ' ಅಂದ."

"ಚಿಕ್ಕ ಮಗು ರೀ ನೀವು ಆಗ!"

"ಆರಿಸೋದು ಹುಟ್ಟೋಕೆ ಮುಂಚೆನೇ ಅಂತಾರಲ್ಲ. ಅಲ್ಲೇ ನನ್ನ ಹೆಸರು ಬಿಟ್ಟುಹೋಗಿದ್ರೆ ಯಾರ ಹತ್ರ ಜಗಳ ಆಡೋದು? ತಮಾಷೆ ಕೇಳು, ನಾನು ಹೋಗೋ ಹೊತ್ತಿಗೆ ಅಲ್ಲಿದ್ದಿದ್ದೇ ಅರ್ಧ ರೊಟ್ಟಿ. ಇನ್ನರ್ಧ ಇಲಿ ತಿಂದಿತ್ತೋ ಏನೋ. ಪೂರ್ತಿ ನನ್ನ ತಲೆಗೇ ಬಂತು." ಅವನು ನಗಲು ನೋಡಿದ, ಆಗಲಿಲ್ಲ. "ರೊಟ್ಟಿ ಮಾಡೋಕೆ ಬಿಟ್ಟಿದ್ದಾರಲ್ಲ, ಸಾಕು. ಅಕ್ಕನಿಗೆ ಮಾತ್ರ ಹೇಳ್ಬೇಡ ಮಾರಾಯ್ತಿ. ಕಳ್ಳ ತಮ್ಮ ಅಂತ ನೊಂದ್ಕೋತಾಳೆ."

*

ರೊಟ್ಟಿ ಒಲೆಯಿಂದ ಇಳಿಯುವ ಹೊತ್ತಿಗೆ ಪಾದ್ರಿಗಳು ಬಂದರು. ವಯಸ್ಸು ಚಿಕ್ಕದು, ಊರಿಗೆ ಹೊಸಬರು. ಜೊತೆಗೆ ಚರ್ಚಿನ ಸಭೆಯ ಹಿರಿಯನಾದ ದರ್ಜಿ. ರೂಢಿ ಗೀಢಿಯೆಲ್ಲ ಅವನ ನಾಲಿಗೆ ತುದಿಯಲ್ಲೇ ಇರುತ್ತಿತ್ತು.

"ಬನ್ನಣ್ಣನನ್ನ ಬಾಗಿಲ ಹತ್ರಾನೇ ಇಡೋಣ," ಎಂದ ದರ್ಜಿ. "ಬೇಜಾರು ಮಾಡ್ಕೋಬೇಡಿ. ಅವನೇ ಆರಿಸ್ಕೊಂಡ ಜಾಗ ಅಲ್ವಾ?"

"ಅಮ್ಮಾ, ಅವರು ಯಾಕೆ ಮುಂದೆ ಬರ್ತಿರಲಿಲ್ಲ?" ಪಾದ್ರಿಗಳು ಮೆಲ್ಲಗೆ ಕೇಳಿದರು.

ಅವಳು ಅತ್ತಿಗೆಯ ಕಡೆ ನೋಡಿದಳು. ಮಾತು ಕೊಟ್ಟಿದ್ದಳು. ಆದರೆ ಮಾತು ಉಳಿಸಿಕೊಂಡರೆ ಮನುಷ್ಯ ಬಾಗಿಲಲ್ಲೇ ಉಳಿಯುತ್ತಾನೆ. ಎಲ್ಲವನ್ನೂ ಹೇಳಿಬಿಟ್ಟಳು, ಒಳಕೋಣೆ, ಕಾವಲುಗಾರ, ಇಲಿ ತಿಂದ ಅರ್ಧ, ಎಲ್ಲ.

ಅತ್ತಿಗೆಯ ಕೈಯಿಂದ ಪೊರಕೆ ಜಾರಿತು. "ಇಲಿ ಅಲ್ವೇ," ಎಂದಳು. "ನಾನು."

ಆಕೆ ಮೈದಾ ಮೂಟೆಯ ಮೇಲೆ ಕೂತಳು.

"ಅವನಿಗಿಂತ ಮೊದಲು ನಾನು ನುಗ್ಗಿದ್ದೆ. ಅರ್ಧ ತಿಂದು, ಹೆದರಿಕೆಯಾಗಿ ಇನ್ನರ್ಧ ಅಲ್ಲೇ ಬಿಟ್ಟು ಓಡಿದೆ. ಆಮೇಲೆ ತಡೀಲಾರದೆ ಆಗಿನ ಪಾದ್ರಿಗಳ ಮುಂದೆ ಅಳ್ತಾ ಹೇಳಿದೆ. ಅವರು ಬೈಲೇ ಇಲ್ಲ. 'ಹಸಿದವರಿಗೆ ಅಂತಾನೇ ಇಟ್ಟಿದ್ದು ಕಣಮ್ಮ, ಮುಂದಿನ ವಾರ ಮುಂದಿನ ಬಾಗಿಲಿಂದ ಬಾ' ಅಂತ ಕೈ ಹಿಡಿದು ಕರ್ಕೊಂಡು ಹೋದ್ರು. ಅವತ್ತಿಂದ ತಿಂತಾನೇ ಇದ್ದೀನಲ್ಲೋ ದೇವರೇ!" ಅವಳು ಮುಂದಿನ ಕೋಣೆಯ ಕಡೆ ತಿರುಗಿದಳು. "ಒಂದು ಮಾತು ಹೇಳಬಾರದಿತ್ತೇನೋ ಪಾಪಿ? ಒಂದೇ ರೊಟ್ಟಿ ಕಣೋ! ನಾನೊಳಗೆ, ನೀನಾಚೆಗಾ?"

ದರ್ಜಿ ಗಂಟಲು ಸರಿಮಾಡಿಕೊಂಡ. "ಆದರೂ ರೂಢಿ ಅಂತ..."

"ನೀನು ಮುಂದಿನ ಬೆಂಚಲ್ಲಿ ಕೂರ್ತೀಯಲ್ಲಪ್ಪ, ಅದಕ್ಕೆ ಏನು ಘನಕಾರ್ಯ ಮಾಡಿದ್ದೆ?" ಅತ್ತಿಗೆ ಅವನ ಮೇಲೆ ತಿರುಗಿಬಿದ್ದಳು.

ದರ್ಜಿ ಎಣಿಸಲೆಂದು ಒಂದು ಬೆರಳು ಮಡಿಸಿದ. ಮತ್ತೆ ಬಿಡಿಸಿದ.

"ನನ್ನನ್ನೂ ಕೇಳಬೇಡಿ ಅಮ್ಮಾ," ಎಂದರು ಪಾದ್ರಿಗಳು. "ನನ್ನ ಹತ್ರಾನೂ ಉತ್ತರ ಇಲ್ಲ. ಕರೆದ್ರು, ಬಂದೆ." ಆಮೇಲೆ ಅವಳ ಕಡೆ ನೋಡಿದರು. "ಹಸಿವಿಲ್ಲದವನು ಜೀವಮಾನವೆಲ್ಲ ಅಡುಗೆಮನೆ ಬಾಗಿಲಲ್ಲಿ ಕೂರ್ತಾನಾ? ಆ ಬೆಂಚಿನವರೆಗೆ ಅವರನ್ನ ಕರ್ಕೊಂಡು ಬಂದವರು ದೇವರಲ್ದೆ ಇನ್ಯಾರು ಅಂತೀರಿ?"

ರಾತ್ರಿಯಿಂದ ಬಾರದಿದ್ದ ಅಳು ಅವಳಿಗೆ ಆಗ ಬಂತು. ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತಳು. ಅತ್ತು ಹಗುರಾದಳು.

*

ಪೆಟ್ಟಿಗೆ ಹೊತ್ತವರಲ್ಲಿ ದರ್ಜಿಯೂ ಇದ್ದ. ತಾನೇ ಬಂದು ಹೆಗಲು ಕೊಟ್ಟಿದ್ದ. ಬಾಗಿಲು ದಾಟಿದೊಡನೆ ಅಭ್ಯಾಸಬಲದಿಂದ ಎಲ್ಲರೂ ಆ ಬೆಂಚಿನ ಹತ್ತಿರ ನಿಂತರು.

"ಯಾಕ್ರಪ್ಪ ನಿಂತ್ರಿ? ಅಲ್ಲಿ ಕೂತಿದ್ದು ಸಾಕು, ಮುಂದೆ ನಡೀರಿ!" ಅತ್ತಿಗೆಯ ದನಿ ಇಡೀ ಚರ್ಚಿಗೆ ಕೇಳಿಸಿತು.

ನಡೆದರು. ತನ್ನ ಕಾಲ ಮೇಲೆ ಒಂದು ದಿನವೂ ಆ ದಾರಿ ತುಳಿಯದವನು ನಾಲ್ವರ ಹೆಗಲ ಮೇಲೆ ಬೆಂಚು ಬೆಂಚು ದಾಟಿ ಹೋದ. ಅವಳು ಹಿಂದೆ ಹಿಂದೆ ಹೋದಳು. ಇವತ್ತು ಚೀಲ ಅವಳ ಕೈಯಲ್ಲೇ ಇತ್ತು. ಜಾಗ ಕಿರಿದಾದ್ದರಿಂದ ಪೆಟ್ಟಿಗೆಯನ್ನು ಮೇಜಿಗೆ ಒತ್ತಿಯೇ ಇಡಬೇಕಾಯಿತು.

ಪಾದ್ರಿಗಳು ರೊಟ್ಟಿ ಎತ್ತಿ ಮುರಿದರು. ಮೇಲಿನ ಗಟ್ಟಿ ಪದರ ಚಟಕ್ಕೆಂದು ಸೀಳಿ, ಪುಡಿ ಉದುರಿ ಪೆಟ್ಟಿಗೆಯ ಮುಚ್ಚಳದ ಮೇಲೆ ಚೆಲ್ಲಿತು.

ಅವಳು ತನ್ನ ಚೂರನ್ನು ಬಾಯಿಗಿಟ್ಟುಕೊಂಡು ನಿಧಾನವಾಗಿ ಅಗಿದು ನುಂಗಿದಳು. ಮುಚ್ಚಳದ ಮೇಲೆ ಬಾಗಿದಳು.

"ಉಪ್ಪು ಸರಿ ಇದೆ ರೀ."

ಪಕ್ಕದಲ್ಲಿದ್ದ ಅತ್ತಿಗೆಯ ಕಣ್ಣು ಆ ಪುಡಿಯ ಮೇಲೆ ಬಿತ್ತು. ಆಕೆ ಕರವಸ್ತ್ರ ತೆಗೆದು, ಒರೆಸಲು ಕೈ ಚಾಚಿದಳು. ಚಾಚಿದ ಕೈ ಅಲ್ಲೇ ನಿಂತಿತು. ಕರವಸ್ತ್ರವನ್ನು ಮಡಿಸಿ ಹಿಂದಕ್ಕೆ ಇಟ್ಟುಕೊಂಡಳು. ಪುಡಿ ಹಾಗೇ ಇತ್ತು.