ಬಾರ್‌ಲೋ ಕ್ವಾರಿಯ ಹವಳದ ಗೋಡೆ

ನಮ್ಮೂರ ಬಾರ್‌ಲೋ ಕ್ವಾರಿಯಲ್ಲಿ ಸುಣ್ಣದಕಲ್ಲು ಒಡೆಯುವುದು ನಿಂತು ಒಂದು ತಲೆಮಾರೇ ಕಳೆದಿತ್ತು. ಹಳೇ ಟೈರು, ಮುರಿದ ಮಂಚ, ಮನೆಗೆ ಬೇಡವಾದದ್ದೆಲ್ಲ ಅಲ್ಲಿಗೆ ಬೀಳುತ್ತಿತ್ತು. ಅದಕ್ಕೆ ಮಣ್ಣು ತುಂಬಿಸಿ ಫುಟ್‌ಬಾಲ್ ಮೈದಾನ ಮಾಡಲು ಹೊರಟವನು ಊರಿನ ತಂಡದ ಮುಖ್ಯಸ್ಥ ಕ್ಲೆಮ್ ಪ್ಯೂ. ಅಡ್ಡ ನಿಂತವಳು ಅವನ ಸ್ವಂತ ಅಕ್ಕ ಹೆಸ್ಟರ್, ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತಳಾದವಳು.

ಅಲ್ಲಿನ ಬಂಡೆಯಲ್ಲಿ ನಲವತ್ತು ಕೋಟಿ ವರ್ಷಕ್ಕೂ ಹಿಂದಿನ ಹವಳದ ದಿಬ್ಬವಿದೆ, ಅದನ್ನು ಹೂಳಬೇಡಿ ಎಂದು ಅವಳು ಊರ ಕೌನ್ಸಿಲ್ ಸಭೆಯಲ್ಲಿ ಕೇಳಿಕೊಂಡಳು.

"ಅಕ್ಕ, ನಂಗೆ ಅಲ್ಲಿ ಕಾಣ್ಸಿದ್ದು ಬರೀ ಮುಳ್ಳು," ಎಂದ ಕ್ಲೆಮ್. ಸಭೆ ನಕ್ಕಿತು.

"ಕಾಣೋ ಹಾಗೆ ಮಾಡ್ತೀನಿ. ಆಮೇಲೆ ಕೈ ಎತ್ತಿ," ಎಂದಳು ಹೆಸ್ಟರ್. ಮತದಾನ ವಸಂತಕ್ಕೆ ಮುಂದೆ ಹೋಯಿತು.

ಆ ಚಳಿಗಾಲ ಅವಳು ಗರಗಸ ಹಿಡಿದು ಒಬ್ಬಳೇ ಕ್ವಾರಿಗೆ ಇಳಿದಳು. ನೋಡಲಾರದೆ ಅವಳ ಬಳಿ ಕಲಿತಿದ್ದ ನಾವು ಕೆಲವರು ಸೇರಿಕೊಂಡೆವು. ಟೈರುಗಳನ್ನು ಎಳೆದು ಹಾಕಿದೆವು, ಮುಳ್ಳುಪೊದೆ ಕಡಿದೆವು. ಬಂಡೆಗೆ ಹಬ್ಬಿದ್ದ ಐವಿ ಬಳ್ಳಿ ಮಾತ್ರ ಜಗ್ಗಲಿಲ್ಲ. ಅದರ ಜೊತೆ ಗುದ್ದಾಡುತ್ತಲೇ ಹೆಸ್ಟರ್ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಳು.

ಮಾರನೆಯ ದಿನ ಕ್ಲೆಮ್ ಬೈಯುತ್ತಲೇ ಬಂದ. ಅಕ್ಕ ಕೈಗೆ ಪಟ್ಟಿ ಕಟ್ಟಿಕೊಂಡು ಆಗಲೇ ಅಲ್ಲಿದ್ದಳು. ಅವಳನ್ನು ಮನೆಗೆ ಕಳಿಸುವುದು ಆಗದ ಮಾತೆಂದು ಗೊತ್ತಾಗಿ ಅವನೇ ಗರಗಸ ತೆಗೆದುಕೊಂಡ. ತೋಳು ದಪ್ಪದ ಬುಡಗಳನ್ನು ಕೊಯ್ದು ನಾವೆಲ್ಲ ಹಗ್ಗ ಹಾಕಿ ಎಳೆದಾಗ ಬಳ್ಳಿ ಇಡಿಯಾಗಿ ಕಳಚಿ ಬಿತ್ತು.

ಸೋನೆ ಮಳೆಗೆ ಬಂಡೆ ತೊಳೆದುಕೊಂಡಿತು. ಜೇನುಗೂಡಿನಂಥ ಹವಳಗಳು, ಮಣಿ ಪೋಣಿಸಿದಂಥ, ಕಡಲಲಿಲ್ಲಿ ಎಂಬ ಸಮುದ್ರಜೀವಿಯ ಕಾಂಡಗಳು, ಅಂಗೈಯಗಲದ ಚಿಪ್ಪುಗಳು ಈ ತುದಿಯಿಂದ ಆ ತುದಿಯವರೆಗೂ ಒತ್ತೊತ್ತಾಗಿದ್ದವು. ಕ್ಲೆಮ್ ಕೈಗವಸು ತೆಗೆದು ಒಂದನ್ನು ಮುಟ್ಟಿದ.

"ಇದು ಇಲ್ಲೇ ಬೆಳೆದಿದ್ದಾ?"

"ಇಲ್ಲೇ ಕಣೋ. ನಾವು ನಿಂತಿರೋದು ಬೆಚ್ಚಗಿನ ಸಮುದ್ರದ ತಳದಲ್ಲಿ."

ಅವನು ಬಂಡೆಯುದ್ದಕ್ಕೂ ಕೈಯಾಡಿಸುತ್ತಾ ಆ ತುದಿಯವರೆಗೂ ನಡೆದ.

ವಸಂತದ ಸಭೆಯಲ್ಲಿ ಕ್ವಾರಿ ಉಳಿಸಬೇಕೆಂದು ಮೊದಲು ಕೈ ಎತ್ತಿದವನು ಅವನೇ. ಅಕ್ಕನಿಗೆ ಹೆದರಿದೆಯಾ ಎಂದು ಅವನ ಆಟಗಾರರು ಛೇಡಿಸಿದರು. "ಮೈದಾನ ಎಲ್ಲಾದ್ರೂ ಮಾಡ್ಕೋಬಹುದು, ಇದನ್ನ ಮಾಡೋಕಾಗುತ್ತಾ?" ಎಂದ. ಒಬ್ಬೊಬ್ಬರಾಗಿ ಎಲ್ಲರ ಕೈಗಳೂ ಮೇಲೆದ್ದವು.

ಈಗ ಅದು ರಕ್ಷಿತ ತಾಣ. ಕಾಲೇಜುಗಳಿಂದ ವಿದ್ಯಾರ್ಥಿಗಳು ಬರುತ್ತಾರೆ. ಅವರು ಕಲ್ಲು ಒಡೆಯಲು ತಂದ ಸುತ್ತಿಗೆಗಳನ್ನು ಗೇಟಿನಲ್ಲೇ ಬಿಡಿಸಿ, "ಬನ್ನಿ, ನಮ್ಮೂರ ಸಮುದ್ರ ತೋರಿಸ್ತೀನಿ," ಎಂದು ಎದೆಯುಬ್ಬಿಸಿ ಮುಂದೆ ನಡೆಯುವವನು ಕ್ಲೆಮ್. ಹವಳ, ಚಿಪ್ಪುಗಳ ಹೆಸರುಗಳನ್ನೆಲ್ಲ ಅದಲುಬದಲು ಮಾಡುತ್ತಾನೆ. ಹಿಂದೆ ನಿಂತ ಹೆಸ್ಟರ್ ಒಮ್ಮೆಯೂ ತಿದ್ದುವುದಿಲ್ಲ.